ಗಿಡ್ಡ ಬೆಡ್ಡಿನ ಪಿಕಪ್‌ಗೆ ಯಾವ ಫಿಫ್ತ್ ವೀಲ್ ಹಿಚ್ ಹೊಂದುತ್ತದೆ?

ಅಮೆರಿಕದಲ್ಲಿ ಮೇ ಕೊನೆಯ ಮೆಮೋರಿಯಲ್ ಡೇ ಬಂತೆಂದರೆ ಕ್ಯಾಂಪಿಂಗ್ ಶುರು. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೂ ಹೆದ್ದಾರಿಗಳಲ್ಲಿ ಟ್ರೇಲರ್‌ಗಳದ್ದೇ ಮೆರವಣಿಗೆ. ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲು ಎರಡಕ್ಕೂ ಜನ ಹಿಂಜರಿದಾಗ ಈ ಹವ್ಯಾಸ ಇನ್ನೂ ಬೆಳೆಯಿತು. 2021ರ ಒಂದೇ ವರ್ಷ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಸುಮಾರು 6 ಲಕ್ಷ ಪ್ರವಾಸದ ಗಾಡಿಗಳು, ಅಂದರೆ ಆರ್‌ವಿಗಳು ಕಾರ್ಖಾನೆ ಬಿಟ್ಟು ಹೊರಟವು. ಅದು ದಾಖಲೆ. ಅವುಗಳಲ್ಲಿ ಎಷ್ಟೋ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಬೆಲೆಗೆ ಸಿಗುತ್ತವೆ. ಡಲ್ಲಾಸ್‌ನಲ್ಲೋ ಬೇ ಏರಿಯಾದಲ್ಲೋ ಇರುವ ಕನ್ನಡದ ಮನೆಗಳಲ್ಲೂ "ನಾವೂ ಒಂದು ತಗೊಂಡ್ರೆ ಹೇಗೆ?" ಅನ್ನುವ ಮಾತು ಬರುತ್ತಿರುತ್ತದೆ.

ಮನೆ ಮುಂದೆ ಆಗಲೇ ಪಿಕಪ್ ನಿಂತಿದೆ. ಫಿಫ್ತ್ ವೀಲ್ ಎಂಬ ಬಗೆಯ ಟ್ರೇಲರ್ ಇಷ್ಟವಾಗಿದೆ. ಆಗ ಮಾರುವವರು ಕೇಳುತ್ತಾರೆ: "ನಿಮ್ಮದು ಶಾರ್ಟ್ ಬೆಡ್ಡಾ?" ಪಿಕಪ್‌ನ ಹಿಂದಿನ ತೊಟ್ಟಿ ಗಿಡ್ಡವೇ ಎಂದು ಅದರ ಅರ್ಥ. ಹೌದು ಎಂದರೆ ಸ್ಲೈಡರ್, ಆಟೋಮ್ಯಾಟಿಕ್ ಸ್ಲೈಡರ್, ಪಿನ್‌ಬಾಕ್ಸ್, ಪಕ್, ರೇಲ್ ಎಂದು ಒಂದಾದ ಮೇಲೊಂದು ಶಬ್ದ ಕಿವಿಗೆ ಬೀಳುತ್ತವೆ. ಬೆಲೆ ನೋಡಿದರೆ ಕೆಲವು ನೂರು ಡಾಲರ್‌ನಿಂದ ಕೆಲವು ಸಾವಿರ ಡಾಲರ್‌ವರೆಗೆ ಇದೆ. ಯಾವುದು ಬೇಕು, ಯಾವುದು ಸುಮ್ನೆ ಖರ್ಚು?

ಮೊದಲೇ ಹೇಳಿಬಿಡುತ್ತೇನೆ. ಹಿಚ್ ಅಂದರೆ ಟ್ರೇಲರನ್ನು ಪಿಕಪ್‌ಗೆ ಜೋಡಿಸುವ ಕೊಂಡಿ. ಅದರ ಅಂಗಡಿಗೆ ಹೋಗುವ ಮುಂಚೆ ಮೂರು ಸಂಖ್ಯೆ ನಿಮ್ಮ ಕೈಯಲ್ಲಿರಬೇಕು. ಕ್ಯಾಬಿನ ಹಿಂದಿನ ಗೋಡೆಯಿಂದ ಹಿಂದಿನ ಆಕ್ಸಲ್‌ಗೆ ಎಷ್ಟು ದೂರ, ಟ್ರೇಲರ್ ಎಷ್ಟು ಅಗಲ, ಪಿಕಪ್ ಎಷ್ಟು ಭಾರ ಹೊರಬಲ್ಲದು. ಈ ಮೂರು ಸಿಕ್ಕರೆ ಯಾವ ಬಗೆಯ ಹಿಚ್ ಎನ್ನುವ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿ ಬಗೆಹರಿಯುತ್ತದೆ.

ಫಿಫ್ತ್ ವೀಲ್ ಅಂದರೆ ಏನು

ಬೆಂಗಳೂರು–ತುಮಕೂರು ರಸ್ತೆಯಲ್ಲಿ ಕಂಟೇನರ್ ಲಾರಿಗಳನ್ನು ನೋಡಿರುತ್ತೀರಿ. ಮುಂದೆ ಒಂದು ಗಿಡ್ಡ ಟ್ರಕ್, ಅದರ ಬೆನ್ನ ಮೇಲೆ ಉದ್ದದ ಟ್ರೇಲರ್‌ನ ಮೂತಿ ಕೂತಿರುತ್ತದೆ. ಫಿಫ್ತ್ ವೀಲ್ ಆರ್‌ವಿ ನಡೆಯುವುದೂ ಇದೇ ತತ್ವದ ಮೇಲೆ. ಟ್ರೇಲರ್‌ನ ಮುಂಭಾಗ ಎತ್ತರದಲ್ಲಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ಕೆಳಗೆ 2 ಇಂಚು ದಪ್ಪದ ಉಕ್ಕಿನ ಗೂಟವೊಂದು ಇಳಿಬಿದ್ದಿರುತ್ತದೆ. ಅದು ಕಿಂಗ್‌ಪಿನ್. ಕಿಂಗ್‌ಪಿನ್ ಹಿಡಿದುಕೊಂಡಿರುವ, ಟ್ರೇಲರ್‌ನ ಚೌಕಟ್ಟಿಗೆ ಬೋಲ್ಟ್ ಮಾಡಿದ ಪೆಟ್ಟಿಗೆಯೇ ಪಿನ್‌ಬಾಕ್ಸ್.

ಪಿಕಪ್‌ನ ಹಿಂಬದಿಯ ತೆರೆದ ತೊಟ್ಟಿಗೆ ಬೆಡ್ ಎನ್ನುತ್ತಾರೆ. ಅದರೊಳಗೆ ಕೂರಿಸುವ ಉಕ್ಕಿನ ಪೀಠವೇ ಹಿಚ್. ಹಿಚ್‌ನ ತಲೆಯಲ್ಲಿರುವ ದವಡೆ ಕಿಂಗ್‌ಪಿನ್ ಅನ್ನು ಕಚ್ಚಿ ಹಿಡಿಯುತ್ತದೆ. ಟ್ರೇಲರ್ ಆ ಗೂಟದ ಸುತ್ತ ತಿರುಗುತ್ತದೆ.

ಮಾಮೂಲಿ ಟ್ರೇಲರ್‌ಗಳು ಬಂಪರ್‌ನ ಹಿಂದಿರುವ ಚೆಂಡಿನಂಥ ಉಕ್ಕಿನ ಗುಂಡಿಗೆ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಭಾರ ಬೀಳುವುದು ಹಿಂದಿನ ಚಕ್ರಕ್ಕಿಂತ ಎಷ್ಟೋ ಹಿಂದೆ. ಹಾಗಾಗಿ ಗಾಳಿ ಬೀಸಿದರೆ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಫಿಫ್ತ್ ವೀಲ್‌ನಲ್ಲಿ ಭಾರ ನೇರ ಹಿಂದಿನ ಆಕ್ಸಲ್ ಮೇಲೆ, ಇಲ್ಲವೇ ಅದಕ್ಕಿಂತ ಒಂದೆರಡು ಇಂಚು ಮುಂದೆ ಬೀಳುತ್ತದೆ. ಗಾಡಿ ಸ್ಥಿರವಾಗಿ ಓಡುತ್ತದೆ. ದೊಡ್ಡ ಟ್ರೇಲರ್ ಕೊಳ್ಳುವವರು ಫಿಫ್ತ್ ವೀಲ್ ಕಡೆಗೆ ವಾಲುವುದು ಇದಕ್ಕೇ.

ಬೆಡ್ ಗಿಡ್ಡ ಏಕಾಯಿತು

ಪಿಕಪ್ ರೈತರ, ಬಡಗಿಗಳ ಗಾಡಿಯಾಗಿದ್ದಾಗ ಬೆಡ್ 8 ಅಡಿ ಇರುವುದು ಸಾಮಾನ್ಯವಾಗಿತ್ತು. 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್ ಹಲಗೆ ಅದರಲ್ಲಿ ಮಲಗಬೇಕಿತ್ತು. ಈಗ ಪಿಕಪ್ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಯೂ ಹೌದು. ನಾಲ್ಕು ಬಾಗಿಲಿನ ದೊಡ್ಡ ಕ್ಯಾಬ್ ಬೇಕು. ಕ್ಯಾಬ್ ಉದ್ದವಾದಾಗ ಬೆಡ್ ಗಿಡ್ಡವಾಗಲೇಬೇಕು. ಇಲ್ಲದಿದ್ದರೆ ಗಾಡಿ ಪಾರ್ಕಿಂಗ್‌ನಲ್ಲಿ ಹಿಡಿಯುವುದಿಲ್ಲ. ಫೋರ್ಡ್ ಎಫ್-250ರ ನಾಲ್ಕು ಬಾಗಿಲಿನ ಮಾದರಿಗೆ 8 ಅಡಿ ಬೆಡ್ ಹಾಕಿದರೆ ಒಟ್ಟು ಉದ್ದ 22 ಅಡಿ ದಾಟುತ್ತದೆ.

ಗಿಡ್ಡ ಬೆಡ್ ಅಂದರೂ ಎಲ್ಲ ಒಂದೇ ಅಳತೆಯಲ್ಲ. ಹಾಫ್-ಟನ್ ಎನ್ನುವ ಹಗುರ ವರ್ಗದ ಗಾಡಿಗಳಲ್ಲಿ, ಅಂದರೆ ಎಫ್-150, ರ‍್ಯಾಮ್ 1500, ಸಿಲ್ವರಾಡೋ 1500ಗಳಲ್ಲಿ, ಸುಮಾರು ಐದೂವರೆ ಅಡಿಯ ಬೆಡ್ ಜಾಸ್ತಿ ಕಾಣುತ್ತದೆ. ಆರೂವರೆ ಅಡಿಯದೂ ಇದೆ. ಮೇಲಿನ ವರ್ಗದ ಮುಕ್ಕಾಲು ಟನ್, ಒಂದು ಟನ್ ಗಾಡಿಗಳಲ್ಲಿ ಗಿಡ್ಡ ಬೆಡ್ ಎಂದರೆ ಆರೂಕಾಲಿನಿಂದ ಆರೂಮುಕ್ಕಾಲು ಅಡಿ. ಐದೂವರೆಗೂ ಆರೂಮುಕ್ಕಾಲಿಗೂ ನಡುವೆ ಒಂದು ಅಡಿಗಿಂತ ಜಾಸ್ತಿ ವ್ಯತ್ಯಾಸ. ಹಿಚ್ ವಿಷಯದಲ್ಲಿ ಒಂದು ಅಡಿ ಅಂದರೆ ಬಹಳ ಆಯಿತು.

ಮೂಲೆ ಕ್ಯಾಬಿಗೆ ಬಡಿಯುವ ಲೆಕ್ಕ

ಗಿಡ್ಡ ಬೆಡ್ಡಿನ ತೊಂದರೆ ನೇರ ರಸ್ತೆಯಲ್ಲಿ ಕಾಣುವುದಿಲ್ಲ. ತಿರುಗಿಸುವಾಗ ಕಾಣುತ್ತದೆ. ಅದರಲ್ಲೂ ಕ್ಯಾಂಪ್‌ಗ್ರೌಂಡ್‌ನಲ್ಲಿ ಇಕ್ಕಟ್ಟಿನ ಜಾಗಕ್ಕೆ ರಿವರ್ಸ್ ಹಾಕುವಾಗ.

ಲೆಕ್ಕ ಸರಳ. ಅಮೆರಿಕದ ಹೆದ್ದಾರಿ ನಿಯಮದಂತೆ ಟ್ರೇಲರ್‌ನ ಅಗಲದ ಮಿತಿ ಸಾಮಾನ್ಯವಾಗಿ 102 ಇಂಚು. ದೊಡ್ಡ ಫಿಫ್ತ್ ವೀಲ್‌ಗಳು ಈ ಮಿತಿಯವರೆಗೂ ಇರುತ್ತವೆ, ಸಣ್ಣವು 96 ಇಂಚು. ಕಿಂಗ್‌ಪಿನ್ ಅಗಲದ ಸರಿಯಾದ ಮಧ್ಯದಲ್ಲಿದೆ. ಅಂದರೆ ಪಿನ್‌ನಿಂದ ಟ್ರೇಲರ್‌ನ ಪಕ್ಕದ ಗೋಡೆಗೆ 51 ಅಥವಾ 48 ಇಂಚು.

ಟ್ರೇಲರ್ ಪಿಕಪ್‌ಗೆ ಪೂರ್ತಿ ಅಡ್ಡಲಾಗಿ, ಅಂದರೆ 90 ಡಿಗ್ರಿ ಕೋನದಲ್ಲಿ ನಿಂತಿದೆ ಎಂದುಕೊಳ್ಳಿ. ಆಗ ಟ್ರೇಲರ್‌ನ ಪಕ್ಕದ ಗೋಡೆ ಕ್ಯಾಬಿನ ಹಿಂದಿನ ಗಾಜಿಗೆ ಎದುರಾಗಿರುತ್ತದೆ. ಪಿನ್‌ನಿಂದ ಆ ಗೋಡೆಗೆ 51 ಇಂಚು. ಹಾಗಾದರೆ ಪಿನ್‌ನಿಂದ ಕ್ಯಾಬಿಗೆ 51 ಇಂಚಿಗಿಂತ ಜಾಸ್ತಿ ಜಾಗ ಇರಬೇಕು, ಅಲ್ವಾ?

8 ಅಡಿ ಬೆಡ್ಡಿನ ಎಫ್-250ಯಲ್ಲಿ ಕ್ಯಾಬಿನಿಂದ ಹಿಂದಿನ ಆಕ್ಸಲ್‌ಗೆ ಸುಮಾರು 56 ಇಂಚು. ಜಾಗ ಸಾಕು. ಅದೇ ಗಾಡಿಯ ಆರೂಮುಕ್ಕಾಲು ಅಡಿ ಬೆಡ್ಡಿನಲ್ಲಿ ಸುಮಾರು 40 ಇಂಚು. ಬೇಕಿರುವುದು 51, ಇರುವುದು 40. ಆ 11 ಇಂಚಿನ ಕೊರತೆ ತುಂಬುವುದು ಹೇಗೆ ಎನ್ನುವುದೇ ಗಿಡ್ಡ ಬೆಡ್ಡಿನ ಹಿಚ್‌ಗಳ ಇಡೀ ಕತೆ. ಕೊರತೆ ತುಂಬದೆ ತಿರುಗಿಸಿದರೆ ಹಿಂದಿನ ಗಾಜು ಒಡೆಯುತ್ತದೆ, ಕ್ಯಾಬಿನ ಮೂಲೆ ನುಗ್ಗಾಗುತ್ತದೆ, ಟ್ರೇಲರ್‌ನ ಫೈಬರ್ ಮೂತಿ ಸೀಳುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. 90 ಡಿಗ್ರಿಗೆ ಹೋಗುವ ಮುಂಚೆಯೇ ಅಪಾಯ ಬರಬಹುದು. ಟ್ರೇಲರ್‌ನ ಮೂತಿ ಚೌಕವಾಗಿದ್ದು, ಪಿನ್‌ಗಿಂತ 20 ಇಂಚು ಮುಂದಕ್ಕೆ ಚಾಚಿದೆ ಎನ್ನಿ. ಆಗ ಪಿನ್‌ನಿಂದ ಮೂಲೆಗೆ ಇರುವ ದೂರ 51 ಅಲ್ಲ, ಸುಮಾರು 55 ಇಂಚು. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕ ಇದು. ತಿರುಗುವ ದಾರಿಯಲ್ಲಿ ಆ ಮೂಲೆ ಒಮ್ಮೆ ಕ್ಯಾಬಿನ ಕಡೆಗೆ ನೇರ ಮುಖ ಮಾಡುತ್ತದೆ. 90 ಡಿಗ್ರಿಯಲ್ಲಿ ಬಚಾವಾಗುವ ಗಾಡಿ 70 ಡಿಗ್ರಿಯಲ್ಲಿ ಬಡಿಯಬಹುದು.

ಹಳೆಯ ಟ್ರೇಲರ್‌ಗಳ ಮೂತಿ ಹೀಗೆ ಚೌಕ. ಹೊಸವುಗಳಲ್ಲಿ ಮೂಲೆಗಳನ್ನು ಒಳಕ್ಕೆ ಬಾಗಿಸಿ ದುಂಡು ಮಾಡಿರುತ್ತಾರೆ, ಪಿನ್‌ಬಾಕ್ಸನ್ನು ಮುಂದಕ್ಕೆ ಚಾಚಿರುತ್ತಾರೆ. ಇದರಿಂದ ಎಷ್ಟು ಉಪಯೋಗ? ಪಿಕಪ್‌ನ ಕ್ಯಾಬ್ ಸುಮಾರು 80 ಇಂಚು ಅಗಲ. ಟ್ರೇಲರ್ ಅಡ್ಡಲಾಗಿ ನಿಂತಾಗ ಕ್ಯಾಬಿಗೆ ಎದುರಾಗುವುದು ಪಿನ್‌ನಿಂದ ಹಿಂದಕ್ಕೆ 40 ಇಂಚಿನವರೆಗಿನ ಭಾಗ ಮಾತ್ರ. ಅಷ್ಟು ದೂರದವರೆಗೂ ಮೂತಿ ಸಾಕಷ್ಟು ಕಿರಿದಾಗಿದ್ದರೆ ಪೂರ್ತಿ ಅಗಲ ಶುರುವಾಗುವ ಜಾಗ ಕ್ಯಾಬಿನ ಆಚೆಗೇ ಉಳಿಯುತ್ತದೆ. "ಶಾರ್ಟ್ ಬೆಡ್‌ನಲ್ಲೂ 90 ಡಿಗ್ರಿ ತಿರುಗುತ್ತದೆ" ಎಂದು ಕೆಲವು ಕಂಪನಿಗಳು ಹೇಳುವುದರ ಹಿಂದಿನ ಗುಟ್ಟು ಇದು. ಆದರೆ ಯಾವ ಶಾರ್ಟ್ ಬೆಡ್? ಆರೂವರೆಯದೋ ಐದೂವರೆಯದೋ? ಅದನ್ನು ಕೇಳದೆ ಆ ಮಾತನ್ನು ನಂಬಬೇಡಿ.

ಹಿಚ್ಚಿಗೆ ಮುಂಚೆ ಬಾಗಿಲಿನ ಸ್ಟಿಕ್ಕರ್ ನೋಡಿ

ಜಾಗದ ಲೆಕ್ಕ ಎಲ್ಲರೂ ಮಾಡುತ್ತಾರೆ. ಭಾರದ ಲೆಕ್ಕ ಬಿಡುತ್ತಾರೆ. ನನ್ನ ಕೇಳಿದರೆ ಭಾರದ್ದೇ ಮೊದಲು ಮಾಡಬೇಕು. ಅಲ್ಲಿ ಫೇಲಾದರೆ ಹಿಚ್ ಹುಡುಕುವ ಕೆಲಸವೇ ಇಲ್ಲ.

ಜಾಹೀರಾತಿನಲ್ಲಿ ಹಾಫ್-ಟನ್ ಪಿಕಪ್ ಒಂದು 13,000 ಪೌಂಡ್ ಎಳೆಯುತ್ತದೆ ಎಂದಿರುತ್ತದೆ. ಅದು ಎಳೆಯುವ ಶಕ್ತಿ. ಫಿಫ್ತ್ ವೀಲ್‌ನಲ್ಲಿ ಎಳೆಯುವುದಷ್ಟೇ ಅಲ್ಲ, ಹೊರುವುದೂ ಇದೆ. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 15ರಿಂದ 25ರಷ್ಟು ಪಿನ್ ಮೂಲಕ ಪಿಕಪ್‌ನ ಬೆನ್ನ ಮೇಲೆ ಕೂರುತ್ತದೆ. ಇದಕ್ಕೆ ಪಿನ್ ವೇಟ್ ಎನ್ನುತ್ತಾರೆ. ಲೆಕ್ಕಕ್ಕೆ ಶೇಕಡಾ 20 ಹಿಡಿದುಕೊಂಡರೆ ಸಾಕು. ಬಂಪರ್ ಹಿಂದೆ ಕಟ್ಟುವ ಟ್ರೇಲರ್‌ನಲ್ಲಿ ಈ ಪಾಲು 10ರಿಂದ 15 ಮಾತ್ರ.

ಪಿಕಪ್ ಎಷ್ಟು ಹೊರಬಲ್ಲದು ಎಂಬುದು ಡ್ರೈವರ್ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಟೈರ್ ಸ್ಟಿಕ್ಕರ್‌ನಲ್ಲಿದೆ. ಒಳಗೆ ಕೂರುವ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ಅದೇ ಪೇಲೋಡ್. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಇದು ಬೇರೆಬೇರೆ ಇರುತ್ತದೆ. ಸನ್‌ರೂಫ್, ದೊಡ್ಡ ಚಕ್ರ, ಲೆದರ್ ಸೀಟು ಜಾಸ್ತಿಯಾದಷ್ಟೂ ಪೇಲೋಡ್ ಕಮ್ಮಿ. ಹಾಗಾಗಿ ಬ್ರೋಷರ್ ಬಿಡಿ, ನಿಮ್ಮ ಗಾಡಿಯ ಸ್ಟಿಕ್ಕರ್ ನೋಡಿ.

ಒಂದು ಉದಾಹರಣೆ ಮಾಡೋಣ. ಟ್ರೇಲರ್‌ನ ಗರಿಷ್ಠ ತೂಕ 10,000 ಪೌಂಡ್, ಅಂದರೆ ನಾಲ್ಕೂವರೆ ಟನ್. ಪಿನ್ ವೇಟ್ 2,000. ಹಿಚ್ಚಿನದೇ ತೂಕ 200. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸೇರಿ 500. ಬೆಡ್ಡಿನಲ್ಲಿ ಸೌದೆ, ಸೈಕಲ್, ಐಸ್ ಪೆಟ್ಟಿಗೆ ಎಂದು 100. ಒಟ್ಟು 2,800 ಪೌಂಡ್. ಹಾಫ್-ಟನ್ ಗಾಡಿಯ ಸ್ಟಿಕ್ಕರ್‌ನಲ್ಲಿ 1,700 ಇದ್ದರೆ? ಸಾವಿರಕ್ಕೂ ಜಾಸ್ತಿ ಪೌಂಡ್ ಮೀರಿತು. ಎಷ್ಟೇ ಒಳ್ಳೆಯ ಹಿಚ್ ತಂದರೂ ಈ ಕೊರತೆ ತುಂಬುವುದಿಲ್ಲ. ಹಿಂದಿನ ಸ್ಪ್ರಿಂಗ್ ಕುಸಿಯುತ್ತದೆ, ಟೈರ್ ಬಿಸಿಯಾಗುತ್ತದೆ, ಬ್ರೇಕಿಗೆ ಹೊರೆ ಹೆಚ್ಚುತ್ತದೆ.

ಇಲ್ಲೊಂದು ಎಚ್ಚರ ಬೇಕು. ಮಾರುವವರು ಕೊಡುವ ಕಾಗದದಲ್ಲಿ "ಡ್ರೈ" ಪಿನ್ ವೇಟ್ ಎಂದು ಕಮ್ಮಿ ಅಂಕಿ ಇರುತ್ತದೆ. ಅದು ಖಾಲಿ ಟ್ರೇಲರ್‌ನ ತೂಕ. ನೀರಿಲ್ಲ, ಪಾತ್ರೆಯಿಲ್ಲ, ಅಕ್ಕಿ ಬೇಳೆ ಇಲ್ಲ. ಹಾಗೆ ಯಾರೂ ಪ್ರವಾಸ ಹೋಗುವುದಿಲ್ಲ. ಟ್ರೇಲರ್‌ನ ಗರಿಷ್ಠ ತೂಕದ ಐದನೇ ಒಂದು ಭಾಗ ಹಿಡಿಯುವುದೇ ಸರಿ. ಕೊನೆಗೆ ಸಾಮಾನು ತುಂಬಿದ ಮೇಲೆ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಎಂಬ ಲಾರಿ ತೂಕದ ಕಟ್ಟೆಯ ಮೇಲೆ ನಿಲ್ಲಿಸಿದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಎಂದು ಮೂರು ತೂಕವೂ ಬೇರೆಬೇರೆಯಾಗಿ ಒಂದೇ ಚೀಟಿಯಲ್ಲಿ ಬರುತ್ತದೆ.

ಮುಕ್ಕಾಲು ಟನ್, ಒಂದು ಟನ್ ಗಾಡಿಗಳಿಗೆ ಈ ತಾಪತ್ರಯ ಕಮ್ಮಿ. ಆದರೆ ಅಲ್ಲೂ ಡೀಸೆಲ್ ಎಂಜಿನ್ ತನ್ನ ತೂಕದಿಂದಲೇ ಪೇಲೋಡ್ ತಿನ್ನುತ್ತದೆ. ಸ್ಟಿಕ್ಕರ್ ನೋಡುವುದು ತಪ್ಪುವುದಿಲ್ಲ.

ಕೊರತೆ ತುಂಬುವ ದಾರಿಗಳು

ಮೊದಲ ದಾರಿ, ಏನನ್ನೂ ತುಂಬದೆ ಸಾಮಾನ್ಯ ಫಿಕ್ಸೆಡ್ ಹಿಚ್ ಹಾಕುವುದು. ಇದು ತಮಾಷೆಯಲ್ಲ. ಆರೂವರೆ ಅಡಿಯ ಬೆಡ್, ದುಂಡು ಮೂತಿಯ ಹೊಸ ಟ್ರೇಲರ್, ಚಾಚಿದ ಪಿನ್‌ಬಾಕ್ಸ್ ಇದ್ದರೆ ಎಷ್ಟೋ ಜನರಿಗೆ ಇದೇ ಸಾಕಾಗುತ್ತದೆ. ಪೂರ್ತಿ 90 ಡಿಗ್ರಿ ಹೋಗದಂತೆ ನೋಡಿಕೊಂಡು ಎರಡು ಮೂರು ಸಲ ಮುಂದೆ ಹಿಂದೆ ಮಾಡಿ ಒಳಗೆ ಹಾಕುತ್ತಾರೆ. ಚಲಿಸುವ ಭಾಗ ಕಮ್ಮಿ, ಬೆಲೆ ಕಮ್ಮಿ, ತೂಕ ಕಮ್ಮಿ.

ಎರಡನೆಯದು ಕೈಯಿಂದ ನಡೆಸುವ ಸ್ಲೈಡರ್. ಬೀರುವಿನ ಬಾಗಿಲು ಮಂಚಕ್ಕೆ ತಾಗುತ್ತದೆ ಎಂದಾಗ ಬೀರುವನ್ನು ಒಂದು ಮೊಳ ಹಿಂದಕ್ಕೆ ಜರುಗಿಸಿ ತೆರೆಯುವುದಿಲ್ಲವೇ? ಇದೂ ಹಾಗೆಯೇ. ಹಿಚ್‌ನ ತಲೆ ಹಳಿಯ ಮೇಲೆ ಸುಮಾರು 10ರಿಂದ 14 ಇಂಚು ಹಿಂದಕ್ಕೆ ಜಾರುತ್ತದೆ. 40ಕ್ಕೆ 12 ಸೇರಿದರೆ 52. ಬೇಕಿದ್ದದ್ದು 51. ಒಂದೇ ಇಂಚು ಉಳಿಯಿತು. ಸ್ಲೈಡರ್ ಇದೆ ಎಂದು ಕಣ್ಣುಮುಚ್ಚಿ ತಿರುಗಿಸುವ ಹಾಗಿಲ್ಲ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಇದನ್ನು ಬಳಸುವ ಕ್ರಮ ಹೀಗೆ. ಇಕ್ಕಟ್ಟಿನ ಜಾಗಕ್ಕೆ ಬಂದಾಗ ಗಾಡಿ ನಿಲ್ಲಿಸಿ, ಟ್ರೇಲರ್‌ನ ಬ್ರೇಕ್ ಹಿಡಿದು, ಇಳಿದು ಬೀಗದ ಹಿಡಿ ಎಳೆಯಬೇಕು. ಮತ್ತೆ ಹತ್ತಿ ಪಿಕಪ್ಪನ್ನು ನಿಧಾನ ಮುಂದಕ್ಕೆ ತಂದರೆ ತಲೆ ಹಿಂದಕ್ಕೆ ಜಾರಿ ಬೀಗ ಬೀಳುತ್ತದೆ. ಕೆಲಸ ಮುಗಿದ ಮೇಲೆ ಇದನ್ನೇ ತಿರುಗಾ ಮಾಡಬೇಕು. ಹೆದ್ದಾರಿಗೆ ಹೋಗುವಾಗ ತಲೆ ಮುಂದಿನ ಸ್ಥಾನದಲ್ಲೇ ಇರಬೇಕು. ಇದು ಸಣ್ಣ ಮಾತಲ್ಲ. ಹಿಂದಿನ ಸ್ಥಾನದಲ್ಲಿ ಬಿಟ್ಟರೆ ಟ್ರೇಲರ್‌ನ ಭಾರ ಆಕ್ಸಲ್‌ನ ಹಿಂದೆ ಬಿದ್ದು ಪಿಕಪ್‌ನ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. ಸ್ಟಿಯರಿಂಗ್ ಹಿಡಿತ ಕಳೆದುಕೊಳ್ಳುತ್ತದೆ.

ತೊಂದರೆ ಏನೆಂದರೆ, ಇಕ್ಕಟ್ಟು ಬರುತ್ತದೆ ಎಂದು ನಿಮಗೆ ಮುಂಚೆಯೇ ಗೊತ್ತಾಗಬೇಕು. ಕ್ಯಾಂಪ್‌ಗ್ರೌಂಡ್‌ನಲ್ಲಿ ಗೊತ್ತಾಗುತ್ತದೆ. ಗ್ಯಾಸ್ ಸ್ಟೇಷನ್ನಿನಲ್ಲಿ ಯಾರೋ ಅಡ್ಡ ನಿಲ್ಲಿಸಿ, ತಪ್ಪಿಸಿಕೊಳ್ಳಲು ಗಾಡಿ ತಿರುಗಿಸುವಾಗ ನೆನಪಾಗುವುದಿಲ್ಲ.

ಮೂರನೆಯದು ಆ ಮರೆವಿಗೆ ಮದ್ದು: ಆಟೋಮ್ಯಾಟಿಕ್ ಸ್ಲೈಡರ್. ಇಂಡಿಯಾನಾದ ಪುಲ್‌ರೈಟ್ ಕಂಪನಿಯ ಸೂಪರ್‌ಗ್ಲೈಡ್, ಡೆಮ್ಕೋ ಕಂಪನಿಯ ಆಟೋಸ್ಲೈಡ್ ಹೆಸರಾದವು. ಟ್ರೇಲರ್ ತಿರುಗಿದ ಕೋನವನ್ನೇ ಬಳಸಿಕೊಂಡು ಹಿಚ್‌ನ ತಲೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ನೇರವಾದಾಗ ತಾನಾಗಿ ಮುಂದಕ್ಕೆ ಬರುತ್ತದೆ. ಮೋಟರ್ ಇಲ್ಲ, ಕರೆಂಟ್ ಇಲ್ಲ, ಬರೀ ಯಂತ್ರದ ಚಲನೆ. ಚಾಲಕ ಸೀಟಿನಿಂದ ಇಳಿಯಬೇಕಿಲ್ಲ.

ಇದಕ್ಕೆ ಟ್ರೇಲರ್ ತಿರುಗಿದ್ದು ಹಿಚ್ಚಿಗೆ ತಿಳಿಯಬೇಕಲ್ಲ? ಅದಕ್ಕಾಗಿ ಪಿನ್‌ಬಾಕ್ಸ್‌ನ ಕೆಳಗೆ ಕ್ಯಾಪ್ಚರ್ ಪ್ಲೇಟ್ ಎಂಬ ಲೋಹದ ಹಲಗೆ ಹಾಕುತ್ತಾರೆ. ಹಿಚ್‌ನ ತಲೆ ಅದರ ಜೊತೆ ಕಚ್ಚಿಕೊಂಡು ಟ್ರೇಲರ್‌ನ ಜೊತೆಗೇ ತಿರುಗುತ್ತದೆ. ಒಂದೊಂದು ಪಿನ್‌ಬಾಕ್ಸ್ ಮಾದರಿಗೆ ಅದರದ್ದೇ ಪ್ಲೇಟು. ಸ್ನೇಹಿತರ ಟ್ರೇಲರ್ ಒಂದು ದಿನ ಎಳೆಯೋಣ ಎಂದರೆ ಅದಕ್ಕೂ ಪ್ಲೇಟು ಹಾಕಬೇಕು. ಬೆಲೆ ಇರುವುದರಲ್ಲೇ ಜಾಸ್ತಿ. ತೂಕವೂ ಜಾಸ್ತಿ, 200 ಪೌಂಡ್ ದಾಟುವುದು ಮಾಮೂಲು. ಆ ತೂಕ ಪೇಲೋಡ್‌ನಿಂದಲೇ ಕಳೆಯಬೇಕು.

ನಾಲ್ಕನೆಯ ದಾರಿ ಜಾಣತನದ್ದು. ಹಿಚ್ಚನ್ನು ಮುಟ್ಟದೆ ಟ್ರೇಲರ್‌ನ ಪಿನ್‌ಬಾಕ್ಸ್ ಬದಲಾಯಿಸುವುದು. ರೀಸ್ ಕಂಪನಿಯ ಸೈಡ್‌ವೈಂಡರ್ ಇದರಲ್ಲಿ ಹೆಸರುವಾಸಿ. ಸಾಮಾನ್ಯವಾಗಿ ಟ್ರೇಲರ್ ಕಿಂಗ್‌ಪಿನ್‌ನ ಸುತ್ತ ತಿರುಗುತ್ತದೆ. ಇಲ್ಲಿ ಒಂದು ಬೆಣೆ ಹಾಕಿ ಕಿಂಗ್‌ಪಿನ್ ಹಿಚ್‌ನಲ್ಲಿ ತಿರುಗದಂತೆ ಬಿಗಿ ಮಾಡುತ್ತಾರೆ. ಬದಲಿಗೆ ಅದರಿಂದ 22 ಇಂಚು ಹಿಂದೆ ಇರುವ ಇನ್ನೊಂದು ಕೀಲಿನಲ್ಲಿ ಟ್ರೇಲರ್ ತಿರುಗುತ್ತದೆ. ಪಿನ್ ಕೂರುವುದು ಆಕ್ಸಲ್ ಮೇಲೇ. ತಿರುಗುವ ಬಿಂದು ಮಾತ್ರ ಹಿಂದಕ್ಕೆ ಹೋಯಿತು. 40ಕ್ಕೆ 22 ಸೇರಿದರೆ 62. ಕ್ಯಾಬಿಗೂ ಟ್ರೇಲರ್‌ಗೂ ಕೈಯಾಡುವಷ್ಟು ಜಾಗ.

ಇದರ ಜೊತೆ ಸಾಮಾನ್ಯ ಫಿಕ್ಸೆಡ್ ಹಿಚ್ ಸಾಕು. ಆದರೆ ಬೆಣೆ ನಿಮ್ಮ ಹಿಚ್‌ನ ತಲೆಗೆ ಸರಿಯಾಗಿ ಕೂರಲೇಬೇಕು, ಎಲ್ಲ ಹಿಚ್ಚಿಗೂ ಆಗುವುದಿಲ್ಲ. ಆಟೋಮ್ಯಾಟಿಕ್ ಸ್ಲೈಡರ್ ಜೊತೆ ಇದು ನಡೆಯುವುದೇ ಇಲ್ಲ. ಕಾರಣ ಊಹಿಸಬಹುದು: ತಲೆ ತಿರುಗಿದರೆ ತಾನೇ ಸ್ಲೈಡರ್ ಜಾರುವುದು? ಇಲ್ಲಿ ತಲೆಯನ್ನೇ ಬಿಗಿದಿದ್ದಾರೆ. ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಳ್ಳುವವರು ಅದರಲ್ಲಿ ಇಂಥ ಪಿನ್‌ಬಾಕ್ಸ್ ಆಗಲೇ ಇದೆಯೇ ಎಂದು ಬಗ್ಗಿ ನೋಡಬೇಕು. ಇದ್ದರೆ ದುಡ್ಡು ಉಳಿಯಿತು.

ಇವಲ್ಲದೆ ಆಂಡರ್ಸನ್ ಕಂಪನಿಯ ಅಲ್ಯುಮಿನಿಯಂ ಹಿಚ್ ಒಂದಿದೆ. ಸುಮಾರು 35 ಪೌಂಡ್, ಒಬ್ಬರೇ ಎತ್ತಿ ಇಡಬಹುದು. ದವಡೆಯ ಬದಲು ಗುಂಡು ಮತ್ತು ಬಟ್ಟಲಿನ ವ್ಯವಸ್ಥೆ. ಪೇಲೋಡ್ ಬಿಗಿಯಾಗಿರುವವರಿಗೆ ಆಕರ್ಷಕವೇ. ಆದರೆ ಗುಂಡನ್ನು ಸ್ವಲ್ಪ ಹಿಂದಕ್ಕೆ ಕೂರಿಸಬಹುದೇ ಹೊರತು ಸ್ಲೈಡರ್‌ನಷ್ಟು ಜಾಗ ಸಿಗುವುದಿಲ್ಲ. ಕಿಂಗ್‌ಪಿನ್‌ಗೆ ಬೇರೆ ತುಂಡು ಸಿಕ್ಕಿಸುವ ಯಾವ ವ್ಯವಸ್ಥೆಯೇ ಆಗಲಿ, ಟ್ರೇಲರ್ ಚೌಕಟ್ಟಿನ ವಾರಂಟಿ ಉಳಿಯುತ್ತದೆಯೇ ಎಂದು ತಯಾರಕರಿಂದ ಬರಹದಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು.

ಬೆಡ್ಡಿಗೆ ಕೂರಿಸುವುದು

ಹಿಚ್ ಕೂರಲು ಬುನಾದಿ ಬೇಕು. ಹಳೆಯ ಕ್ರಮದಲ್ಲಿ ಬೆಡ್ಡಿಗೆ ರಂಧ್ರ ಕೊರೆದು ಎರಡು ಅಡ್ಡ ರೇಲ್‌ಗಳನ್ನು ಕೆಳಗಿನ ಚೌಕಟ್ಟಿಗೆ ಬೋಲ್ಟ್ ಮಾಡುತ್ತಾರೆ. ಈ ರೇಲ್‌ಗಳ ಅಳತೆ ಬಹುಮಟ್ಟಿಗೆ ಎಲ್ಲ ಕಂಪನಿಗಳಿಗೂ ಒಂದೇ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹಿಚ್ ಹುಡುಕುವವರಿಗೆ ಇದು ಅನುಕೂಲ. ಹಿಚ್ ತೆಗೆದರೂ ರೇಲ್‌ಗಳು ಬೆಡ್ಡಿನಲ್ಲಿ ಉಳಿದು ಸಾಮಾನು ಜಾರಿಸುವಾಗ ಅಡ್ಡ ಬರುತ್ತವೆ.

ಇತ್ತೀಚಿನ ಮುಕ್ಕಾಲು ಟನ್, ಒಂದು ಟನ್ ಗಾಡಿಗಳಿಗೆ ಫ್ಯಾಕ್ಟರಿಯಿಂದಲೇ ಪಕ್ ವ್ಯವಸ್ಥೆ ಹಾಕಿಸಿಕೊಳ್ಳಬಹುದು. ಬೆಡ್ಡಿನ ನೆಲದಲ್ಲಿ ನಾಲ್ಕು ದುಂಡು ಕುಳಿ, ನಡುವೆ ಉಕ್ಕಿನ ಗುಂಡು ಕೂರಿಸುವ ಒಂದು ಕುಳಿ. ಹಿಚ್‌ನ ಕಾಲುಗಳು ನಾಲ್ಕು ಕುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತೆಗೆದರೆ ಬೆಡ್ ಮೊದಲಿನಂತೆ ಸಮತಟ್ಟು. ಫೋರ್ಡ್, ರ‍್ಯಾಮ್, ಜಿಎಂ ಕುಳಿಗಳು ಎಲ್ಲವೂ ಒಂದೇ ಥರ ಅಲ್ಲ, ನಿಮ್ಮ ಗಾಡಿಗೆ ಆಗುವ ಕಾಲುಗಳೇ ಬೇಕು. ಮೂರನೆಯ ಕ್ರಮದಲ್ಲಿ ನಡುವಿನ ಒಂದೇ ಕುಳಿಗೆ ಹಿಚ್ಚನ್ನು ಬಿಗಿಯುತ್ತಾರೆ. ಕಾನ್ಸಾಸ್‌ನ ಬಿ ಆ್ಯಂಡ್ ಡಬ್ಲ್ಯು ಕಂಪನಿಯ ಕಂಪ್ಯಾನಿಯನ್ ಹೀಗೆ ಕೂರುತ್ತದೆ. ಅದರಲ್ಲಿ ಸ್ಲೈಡರ್ ಮಾದರಿಯೂ ಇದೆ.

ತಲೆ, ದವಡೆ, ಎತ್ತರ

ಹಿಚ್‌ಗಳ ಮೇಲೆ 16,000, 20,000, 25,000 ಪೌಂಡ್ ಎಂಬ ಅಂಕಿಗಳಿರುತ್ತವೆ. ನಿಮ್ಮ ಟ್ರೇಲರ್‌ನ ಗರಿಷ್ಠ ತೂಕಕ್ಕಿಂತ ಮೇಲಿನದು ಸಾಕು. 25,000ದ ಹಿಚ್ ತಂದ ಮಾತ್ರಕ್ಕೆ ಪಿಕಪ್‌ನ ಶಕ್ತಿ ಹೆಚ್ಚುವುದಿಲ್ಲ, ಹೊರೆ ಮಾತ್ರ ಹೆಚ್ಚುತ್ತದೆ.

ತಲೆ ಮುಂದೆ ಹಿಂದೆ ಮಾತ್ರ ವಾಲುವ ಹಿಚ್ ಅಗ್ಗ. ಎಡಬಲಕ್ಕೂ ವಾಲುವುದು ತುಸು ದುಬಾರಿ. ಎರಡನೆಯದನ್ನೇ ಕೊಳ್ಳಿ ಎನ್ನುತ್ತೇನೆ. ಕ್ಯಾಂಪ್‌ಗ್ರೌಂಡ್ ನೆಲ ಎಂದೂ ಸಮತಟ್ಟಾಗಿರುವುದಿಲ್ಲ, ಓರೆ ನೆಲದಲ್ಲಿ ಟ್ರೇಲರ್ ಕಟ್ಟುವಾಗ, ಬಿಚ್ಚುವಾಗ ಎಡಬಲಕ್ಕೆ ವಾಲದ ತಲೆ ಸತಾಯಿಸುತ್ತದೆ.

ಎತ್ತರದ ಮಾತನ್ನು ಮಾತ್ರ ಹಗುರವಾಗಿ ನೋಡಬೇಡಿ. ಟ್ರೇಲರ್ ನೆಲಕ್ಕೆ ಸಮನಾಗಿ ನಿಲ್ಲಬೇಕು. ಜೊತೆಗೆ ಬೆಡ್ಡಿನ ಪಕ್ಕದ ಗೋಡೆಗೂ ಟ್ರೇಲರ್‌ನ ತಳಕ್ಕೂ ನಡುವೆ ಐದೂವರೆಯಿಂದ ಆರು ಇಂಚು ಖಾಲಿ ಜಾಗ ಇರಬೇಕು. ರಸ್ತೆಯಿಂದ ಗ್ಯಾಸ್ ಸ್ಟೇಷನ್ನಿಗೆ ಇಳಿಯುವಾಗ ಪಿಕಪ್ ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ವಾಲುತ್ತದೆ. ಜಾಗ ಸಾಲದಿದ್ದರೆ ಟ್ರೇಲರ್‌ನ ತಳ ಬೆಡ್ಡಿನ ಗೋಡೆಯನ್ನು ಜಜ್ಜುತ್ತದೆ. ಹೊಸ ಪಿಕಪ್‌ಗಳ ಗೋಡೆ ಎತ್ತರವಾಗಿರುವುದರಿಂದ ಈ ಎರಡೂ ಒಟ್ಟಿಗೆ ಸರಿಹೋಗುವುದು ಕೆಲವೊಮ್ಮೆ ಕಷ್ಟ. ಹಿಚ್‌ನಲ್ಲಿ ಎತ್ತರ ಹೊಂದಿಸುವ ರಂಧ್ರಗಳಿರುತ್ತವೆ, ಪಿನ್‌ಬಾಕ್ಸ್‌ನಲ್ಲೂ ಇರುತ್ತವೆ. ಎರಡನ್ನೂ ಬಳಸಿ ನೋಡಬೇಕು.

ಹಾಗಾದರೆ ಯಾರಿಗೆ ಯಾವುದು

ಮುಕ್ಕಾಲು ಟನ್ ಮೇಲಿನ ಗಾಡಿ, ಆರೂವರೆ ಅಡಿ ಬೆಡ್, ದುಂಡು ಮೂತಿಯ ಟ್ರೇಲರ್, ವರ್ಷಕ್ಕೆ ಒಂದೆರಡು ಪ್ರವಾಸ. ಇಷ್ಟಿದ್ದರೆ ಫಿಕ್ಸೆಡ್ ಹಿಚ್ ನೋಡಬಹುದು, ಧೈರ್ಯ ಸಾಲದಿದ್ದರೆ ಕೈಯಿಂದ ನಡೆಸುವ ಸ್ಲೈಡರ್. ಅದೇ ಗಾಡಿಗೆ ಚೌಕ ಮೂತಿಯ ಹಳೆಯ ಟ್ರೇಲರ್ ಸಿಕ್ಕಿದ್ದರೆ ಫಿಕ್ಸೆಡ್ ಮಾತೇ ಬೇಡ. ಎರಡು ದಿನಕ್ಕೊಮ್ಮೆ ಜಾಗ ಬದಲಿಸುತ್ತಾ ತಿಂಗಳುಗಟ್ಟಲೆ ಓಡಾಡುವವರಿಗೆ ಆಟೋಮ್ಯಾಟಿಕ್‌ನ ದುಬಾರಿ ಬೆಲೆ ಸಾರ್ಥಕ. ದಣಿದ ಸಂಜೆಗಳಲ್ಲಿ ಕೈ ಸ್ಲೈಡರ್‌ನ ಹಿಡಿ ಮರೆತುಹೋಗುವುದು ಸಹಜ.

ಐದೂವರೆ ಅಡಿ ಬೆಡ್ಡಿಗೆ ಉಳಿಯುವುದು ಎರಡೇ: ಆಟೋಮ್ಯಾಟಿಕ್ ಸ್ಲೈಡರ್, ಇಲ್ಲವೇ ತಿರುಗುವ ಪಿನ್‌ಬಾಕ್ಸ್. ಆದರೆ ಆ ಅಳತೆಯ ಬೆಡ್ ಇರುವುದು ಹಾಫ್-ಟನ್ ಗಾಡಿಗಳಲ್ಲಿ. ಅವುಗಳಿಗೆ ಜಾಗಕ್ಕಿಂತ ಮೊದಲು ಪೇಲೋಡ್ ಮುಗಿಯುತ್ತದೆ. ಸ್ಟಿಕ್ಕರ್ ಒಪ್ಪದಿದ್ದರೆ ಹಗುರವಾದ, ಬಂಪರ್ ಹಿಂದೆ ಕಟ್ಟುವ ಟ್ರೇಲರ್ ಹುಡುಕುವುದೇ ಅಗ್ಗದ ಉತ್ತರ.

ಒಂದು ಮಾತು ಲೈಸೆನ್ಸ್ ಬಗ್ಗೆ. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಮೀರಿದ, 15,000ದೊಳಗಿನ ಫಿಫ್ತ್ ವೀಲ್ ಎಳೆಯಲು ಮಾಮೂಲಿ ಲೈಸೆನ್ಸಿನ ಮೇಲೆ ಬೇರೆ ಅನುಮತಿ ಬೇಕು. 15,000 ದಾಟಿದರೆ ವಾಣಿಜ್ಯೇತರ ಕ್ಲಾಸ್ ಎ ಲೈಸೆನ್ಸ್. ಟೆಕ್ಸಾಸ್‌ನಲ್ಲಿ ಪಿಕಪ್, ಟ್ರೇಲರ್ ಎರಡರ ಒಟ್ಟು ಮಿತಿ 26,000 ಪೌಂಡ್ ಮೀರಿ, ಟ್ರೇಲರ್ ಒಂದೇ 10,000 ಮೀರಿದಾಗ ಅಂಥ ಲೈಸೆನ್ಸ್ ಬೇಕಾಗುತ್ತದೆ. ಬೇರೆ ರಾಜ್ಯದವರು ಅಲ್ಲಿಯ ಡಿಎಂವಿಯಲ್ಲಿ, ಅಂದರೆ ಲೈಸೆನ್ಸ್ ಕೊಡುವ ಕಚೇರಿಯಲ್ಲಿ, ಕೇಳಬೇಕು.

ಮೊದಲ ಸಲ ಕಟ್ಟುವಾಗ

ಟ್ರೇಲರ್‌ನ ಪಿನ್ ಹಲಗೆ, ಅಂದರೆ ಕಿಂಗ್‌ಪಿನ್ ಸುತ್ತಲಿನ ಪಿನ್‌ಬಾಕ್ಸ್‌ನ ಚಪ್ಪಟೆ ತಳ, ಹಿಚ್‌ನ ತಲೆಗಿಂತ ಕೂದಲೆಳೆಯಷ್ಟು ತಗ್ಗಿನಲ್ಲಿರಲಿ. ಪಿಕಪ್ ಹಿಂದಕ್ಕೆ ಬಂದಾಗ ತಲೆ ಅದರ ಕೆಳಗೆ ನುಗ್ಗಿ ಟ್ರೇಲರನ್ನು ಸ್ವಲ್ಪ ಎತ್ತಬೇಕು. ಟ್ರೇಲರ್ ಎತ್ತರದಲ್ಲಿದ್ದರೆ ದವಡೆ ಪಿನ್‌ನ ತುದಿಯನ್ನಷ್ಟೇ ಕಚ್ಚಿದಂತೆ ಕಾಣುತ್ತದೆ, ಹೊರಟ ಕೂಡಲೇ ಜಾರಿ ಇಡೀ ಟ್ರೇಲರ್ ಬೆಡ್ಡಿನ ಗೋಡೆಗಳ ಮೇಲೆ ಬೀಳುತ್ತದೆ. ಹಾಗಾಗಿ ತಲೆಗೂ ಪಿನ್ ಹಲಗೆಗೂ ನಡುವೆ ಸಂದು ಇಲ್ಲ ಎಂದು ಟಾರ್ಚ್ ಹಿಡಿದು ನೋಡಬೇಕು. ಆಮೇಲೆ ಟ್ರೇಲರ್ ನಿಲ್ಲಲು ಮುಂದೆ ಇಳಿಸಿದ್ದ ಅದರ ಕಾಲುಗಳನ್ನು ಪೂರ್ತಿ ಎತ್ತುವ ಮೊದಲು ಟ್ರೇಲರ್ ಬ್ರೇಕ್ ಹಿಡಿದು ಪಿಕಪ್ಪನ್ನು ಮೆಲ್ಲಗೆ ಮುಂದಕ್ಕೆ ಜಗ್ಗಬೇಕು. ಬಿಟ್ಟುಕೊಳ್ಳದಿದ್ದರೆ ದವಡೆ ಸರಿಯಾಗಿ ಹಿಡಿದಿದೆ.

ಇದಾದ ಮೇಲೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಒಬ್ಬರು ಹೊರಗೆ ನಿಂತು ಕ್ಯಾಬಿನ ಮೂಲೆಯನ್ನೇ ನೋಡುತ್ತಿರಲಿ, ಇನ್ನೊಬ್ಬರು ಆಮೆ ವೇಗದಲ್ಲಿ ರಿವರ್ಸ್ ತಿರುಗಿಸಲಿ. ಮೂರು ಬೆರಳಿನಷ್ಟು ಜಾಗ ಉಳಿದಾಗ ನಿಲ್ಲಿಸಿ. ಪಕ್ಕದ ಕನ್ನಡಿಯಲ್ಲಿ ಟ್ರೇಲರ್‌ನ ಯಾವ ಭಾಗ ಕಾಣುತ್ತಿದೆ ಎಂದು ಗುರುತು ಮಾಡಿಕೊಳ್ಳಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮಾಡಿ. ಸ್ಲೈಡರ್ ಇದ್ದರೆ ತಲೆ ಮುಂದಿದ್ದಾಗ ಒಂದು ಗುರುತು, ಹಿಂದಿದ್ದಾಗ ಇನ್ನೊಂದು.